ಮುದಕವ್ವನ ಡಬರಿ

ನಮ್ಮಪ್ಪ ಎರಡನೇ ಮದುವೆ ಮಾಡಿಕೊಳ್ಳುತ್ತಿದ್ದಾನೆ ಎಂಬ ಸುದ್ದಿ ನನಗೆ ಸಿಕ್ಕಿದ್ದು ನನ್ನ ಗಂಡನ ತಾಯಿಯಿಂದ. ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ನಲ್ಲಿಯಲ್ಲಿ ನೀರು ಬಂತು ಎನ್ನುವಷ್ಟೇ ಸಹಜವಾಗಿ, "ಸವಿತಾ, ನಿಮ್ಮಪ್ಪಗ ಹೆಣ್ಣು ಗೊತ್ತಾತಂತಲ್ಲ. ನಮಗೊಂದು ಮಾತು ಹೇಳಬಾರದೇನವಾ?" ಎಂದರು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು. ಅವ್ವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅಪ್ಪನಿಗೆ ಎಪ್ಪತ್ತರ ಹತ್ತಿರ ವಯಸ್ಸು, ಮುಂದಿನ ಎರಡು ಹಲ್ಲು ಹೋಗಿ ಬಹಳ ಕಾಲವಾಗಿದೆ, ಅಂಗಿಯ ಗುಂಡಿಯನ್ನು ಒಂದು ತೂತು ಬಿಟ್ಟು ಇನ್ನೊಂದಕ್ಕೆ ಹಾಕಿಕೊಳ್ಳುತ್ತಾನೆ. ಅಂಥವನಿಗೆ ಹೆಣ್ಣು ಗೊತ್ತಾಗಿದೆಯಂತೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು. ಆದರೆ ಈ ಸಲ ಎತ್ತಿನದೂ ಸ್ವಲ್ಪ ತಪ್ಪಿತ್ತು. ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ನಮ್ಮಪ್ಪ ಲಕ್ಷ್ಮಪ್ಪ ಸವಣೂರಿನವನು. ಊರ ಅಂಚಿನಲ್ಲಿ ನಮ್ಮದೊಂದು ಎಲೆಬಳ್ಳಿಯ ತೋಟವಿದೆ. ಅಪ್ಪ ಹುಟ್ಟಿದಾಗಿನಿಂದ ಅದರ ನೆರಳಲ್ಲೇ ಇದ್ದಾನೆ. ಬಳ್ಳಿಯಿಂದ ಎಲೆ ಕೊಯ್ಯುವುದು, ತೊಳೆಯುವುದು, ಕಟ್ಟು ಕಟ್ಟಿ ಪೇಟೆಗೆ ಕಳಿಸುವುದು, ನಡುನಡುವೆ ಒಂದೆರಡನ್ನು ಸುಣ್ಣ ಸವರಿ ತನ್ನ ಬಾಯಿಗೆ ಹಾಕಿಕೊಳ್ಳುವುದು. ಈ ಕೊನೆಯ ಕೆಲಸ ಬೆಳಗಿನಿಂದ ಸಂಜೆಯವರೆಗೂ ನಡೆಯುತ್ತದೆ. ಬಾಯಲ್ಲಿ ಎಲೆ ಇರುವುದರಿಂದ ಅಪ್ಪ ಮಾತಾಡುವುದಿಲ್ಲ. ಏನು ಕೇಳಿದರೂ "ಹ್ಞೂಂ" ಎನ್ನುತ್ತಾನೆ. ಹೌದು, ಅಲ್ಲ, ಹಸಿವಾಗಿದೆ, ಸಾಕು ನಡಿ, ಎಲ್ಲದಕ್ಕೂ ಅದೇ. ಯಾವ ಹ್ಞೂಂ ಯಾವುದಕ್ಕೆ ಎಂಬುದು ಅವ್ವನಿಗೆ ಮಾತ್ರ ತಿಳಿಯುತ್ತಿತ್ತು. ಅವ್ವ, ನೀಲವ್ವ, ತನ್ನ ಪಾಲಿನ ಮಾತನ್ನೂ ಅವನ ಪಾಲಿನ ಮಾತನ್ನೂ ಒಬ್ಬಳೇ ಆಡಿ ಸಂಸಾರ ನಡೆಸಿದಳು. ಅದರಲ್ಲಿ ಅವಳಿಗೆ ಸುಖವೂ ಇತ್ತೆಂದು ಕಾಣುತ್ತದೆ.

ಅಂಥ ಅವ್ವ ಹೋದ ಶ್ರಾವಣದಲ್ಲಿ ದನಕ್ಕೆ ನೀರಿಟ್ಟು ಬಂದು, "ಯಾಕೋ ಎದಿ ಹಿಡದಂಗಾಗೇತಿ ನೋಡು" ಎಂದು ಕಟ್ಟೆಯ ಮೇಲೆ ಕುಳಿತವಳು ಮತ್ತೆ ಏಳಲಿಲ್ಲ. ನಾನು ಶಿಗ್ಗಾಂವಿಯಿಂದ ಸ್ಕೂಟಿಯ ಮೇಲೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಅತ್ತೆ. ಈಗಲೂ ಅಳುತ್ತೇನೆ, ಹೊಲಿಗೆ ಮಿಷನ್ನಿನ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ.

ಮಣ್ಣಿಗೆ ಎಲ್ಲರೂ ಬಂದರು. ಹಾನಗಲ್ಲಿನಿಂದ ಚಿಗವ್ವನೂ ಬಂದಳು. ಚಿಗವ್ವ ಎಂದರೆ ಅವ್ವನ ಒಬ್ಬಳೇ ತಂಗಿ, ಹೆಸರು ಮುದಕವ್ವ. ಹುಟ್ಟಿದ ದಿನವೇ ಅಜ್ಜಿಯ ಹೆಸರಿಟ್ಟು ಮುದುಕಿ ಮಾಡಿಬಿಟ್ಟರು ಎಂದು ಅವ್ವ ನಗುತ್ತಿದ್ದಳು. ಚಿಗವ್ವ ಹೊಲದ ಬದಿಯ ಬೇವಿನ ಗಿಡದ ಕೆಳಗೆ ಸೆರಗು ಬಾಯಿಗಿಟ್ಟು ನಿಂತಳು. ಒಂದು ಹಿಡಿ ಮಣ್ಣು ಹಾಕಿ ಅಲ್ಲಿಂದಲೇ ಬಸ್‌ಸ್ಟ್ಯಾಂಡಿಗೆ ನಡೆದಳು. ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ನನ್ನ ಮದುವೆಯ ಮರುದಿನದಿಂದ ಅವಳು ಅದನ್ನು ತುಳಿದೇ ಇಲ್ಲ. ನನ್ನ ಸಂಸಾರಕ್ಕೂ ಆ ಸಿಟ್ಟಿಗೂ ಒಂದೇ ವಯಸ್ಸು, ಈಗ ನನ್ನ ಮಗಳು ಶಾಲೆಯಲ್ಲಿ ಮೂರನೇ ಇಯತ್ತೆ ಓದುತ್ತಿದ್ದಾಳೆ.

ಸಿಟ್ಟಿಗೆ ಕಾರಣ ಒಂದು ಡಬರಿ. ಅಕ್ಕತಂಗಿ ಇಬ್ಬರಿಗೂ ಮದುವೆಯಲ್ಲಿ ತವರಿನಿಂದ ಒಂದೊಂದು ಹಿತ್ತಾಳೆಯ ಡಬರಿ ಬಂದಿತ್ತು. ಅಗಲ ಬಾಯಿಯ, ಇಪ್ಪತ್ತು ಮಂದಿಗೆ ಅನ್ನವಾಗುವಂಥ ಪಾತ್ರೆ. ಎರಡೂ ಒಂದೇ ಅಚ್ಚು. ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಒಂದಕ್ಕೆ ನೀಲವ್ವ, ಇನ್ನೊಂದಕ್ಕೆ ಮುದಕವ್ವ ಎಂದು ಹೆಸರು ಹಾಕಿಸಿದ್ದರು. ನನ್ನ ಮದುವೆಗೆ ಪಾತ್ರೆ ಸಾಲದೆ ಅವ್ವ ತಂಗಿಯ ಡಬರಿಯನ್ನೂ ತರಿಸಿಕೊಂಡಳು. ಮದುವೆ ಮುಗಿದ ಮರುದಿನ ಅದು ಕರೀಮಸಾಬನ ಟೆಂಪೋದಲ್ಲಿ ಹಾನಗಲ್ಲಿಗೆ ಹಿಂದಿರುಗಿತು. ಖಾಲಿ ಹಿಂದಿರುಗಿತು.

ನಮ್ಮ ಕಡೆ ಪಾತ್ರೆಯನ್ನು ಖಾಲಿ ಕೊಡುವುದಿಲ್ಲ. ಈದ್ ಹಬ್ಬಕ್ಕೆ ಪಕ್ಕದ ಮನೆಯವರು ಒಂದು ಬಟ್ಟಲು ಸುರಕುಂಬಾ ಪಾಯಸ ಕೊಟ್ಟರೆ, ಬಟ್ಟಲು ವಾಪಸು ಹೋಗುವಾಗ ಅದರಲ್ಲಿ ಎರಡು ಶೇಂಗಾ ಹೋಳಿಗೆಯಾದರೂ ಇರಬೇಕು. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆ. ಖಾಲಿ ಕೊಟ್ಟರೆ ಇಲ್ಲಿಗೆ ನಮ್ಮ ನಿಮ್ಮ ಹೋಗಿಬರುವುದು ಮುಗಿಯಿತು ಎಂದಂತೆ. ಹೀಗಿರುವಾಗ ಒಡಹುಟ್ಟಿದ ತಂಗಿಗೆ, ಅದೂ ಹಿಂದಿನ ವರ್ಷವಷ್ಟೇ ಗಂಡನನ್ನು ಕಳೆದುಕೊಂಡವಳಿಗೆ, ಮದುವೆಯ ಮನೆಯಿಂದ ಖಾಲಿ ಡಬರಿ. ಚಿಗವ್ವ ಅದನ್ನು ಅದೇ ಟೆಂಪೋದಲ್ಲಿ ಹಿಂದಕ್ಕೆ ಅಟ್ಟಿದಳು. ಜೊತೆಗೆ ಕರೀಮಸಾಬನ ಬಾಯಲ್ಲಿ ಒಂದು ಮಾತು: "ಗಂಡ ಇಲ್ಲದಾಕಿಗೆ ಖಾಲಿ ಡಬರಿ ಸಾಕಂತ ತಿಳದಾಳ ನಮ್ಮಕ್ಕ. ಆಕೀನ ಇಟಗೊಳ್ಳಲಿ."

ಅವ್ವ ಫೋನು ಹಚ್ಚಿದಳು, ಚಿಗವ್ವ ಎತ್ತಲಿಲ್ಲ. ಮತ್ತೊಮ್ಮೆ ಹಚ್ಚಿದಳು, ಎತ್ತಿ ಇಟ್ಟಳು. ಆಮೇಲೆ ಅವ್ವನಿಗೂ ಸಿಟ್ಟು ಬಂತು. "ಬೇಕಾದ್ರ ಬಂದು ಒಯ್ಯಲಿ" ಎಂದು ಡಬರಿಯನ್ನು ಅಟ್ಟಕ್ಕೆ ಏರಿಸಿದಳು. ಇಬ್ಬರದೂ ಒಂದೇ ತಲೆ, ಒಂದೇ ಹಟ, ಒಂದೇ ಅಚ್ಚಿನ ಪಾತ್ರೆಗಳು.

ಇನ್ನು ಟ್ರಂಕಿನ ವಿಷಯ. ನಮ್ಮ ಮನೆತನದಲ್ಲಿ ತೀರಿಹೋದ ಹೆಂಗಸಿನ ಸೀರೆ ಹಂಚುವಾಗ ಮೊದಲ ಸೀರೆಯನ್ನು ಅವಳ ತವರಿನವರು ಎತ್ತಬೇಕು. ಅಲ್ಲಿಯವರೆಗೆ ಮಗಳೂ ಮುಟ್ಟುವಂತಿಲ್ಲ. ಅವ್ವನ ತವರೆಂದರೆ ಈಗ ಚಿಗವ್ವ ಒಬ್ಬಳೇ. ಅಪ್ಪ ಟ್ರಂಕಿಗೆ ಕೀಲಿ ಹಾಕಿ, ಕೀಲಿಯನ್ನು ತನ್ನ ಉಡದಾರಕ್ಕೆ ಕಟ್ಟಿಕೊಂಡು ಕುಳಿತುಬಿಟ್ಟ. ನಾನು ಶಿಗ್ಗಾಂವಿಯಲ್ಲಿ ಬ್ಲೌಸು ಹೊಲಿಯುವ, ಸೀರೆಗೆ ಫಾಲ್ ಹಚ್ಚುವ ಅಂಗಡಿ ಇಟ್ಟವಳು. ಮಡಿಕೆಯಲ್ಲೇ ಬಿಟ್ಟ ಇಲಕಲ್ ಸೀರೆ ಮಡಿಕೆಯ ಗೆರೆಗೇ ಸೀಳುತ್ತದೆಂದು ನನಗೆ ಗೊತ್ತು. ಆ ಟ್ರಂಕಿನಲ್ಲಿ ಅವ್ವನದೊಂದು ಕೆಂಪು ಇಲಕಲ್ ಇತ್ತು, ಅದರ ಮೇಲೆ ನನಗೆ ಹುಡುಗಿಯಾಗಿದ್ದಾಗಿನಿಂದ ಆಸೆ. ಮುಚ್ಚಿಡುವುದೇಕೆ.

ಯುಗಾದಿಗೆ ಮುಂಚೆ ಮನೆ ಸಾರಿಸಿ ಸುಣ್ಣ ಹಚ್ಚಲೆಂದು ಹೋದೆ. ಅಪ್ಪ ಏಣಿ ಹತ್ತಿ ಅಟ್ಟದ ಸಾಮಾನು ಇಳಿಸತೊಡಗಿದ. ಅರ್ಧ ಪಾತ್ರೆಗಳು ನಮ್ಮವಲ್ಲ. ಅವರಿವರ ಹೆಸರಿದ್ದ ಡಬ್ಬಿ, ತಂಬಿಗೆ, ಪರಾತ. ಏನೇನೋ ತುಂಬಿಕೊಂಡು ಬಂದು, ತುಂಬಿ ಕಳಿಸುವ ದಿನಕ್ಕಾಗಿ ಕಾಯುತ್ತ ಉಳಿದುಬಿಟ್ಟವು. ಹಿತ್ತಾಳೆಯವೆಲ್ಲ ಕಿಲುಬು ಹಿಡಿದು ಕಪ್ಪಾಗಿದ್ದವು. ಅವ್ವನ ಡಬರಿಯಂತೂ ಮಣ್ಣಿನ ಗಡಿಗೆಯಂತೆ ಕಾಣುತ್ತಿತ್ತು. ಕಡೆಗೆ ಅಪ್ಪ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟೊಂದನ್ನು ಕೊಟ್ಟ. ಬಿಚ್ಚಿದರೆ ಚಿಗವ್ವನ ಡಬರಿ. ಫಳಫಳ ಎನ್ನುತ್ತಿತ್ತು.

"ಇದನ್ನ ಯಾವಾಗ ಬೆಳಗಿದಿ ಅಪ್ಪಾ?" ಎಂದೆ.

ಅಪ್ಪ ಬಾಯಿಯ ಎಲೆಯನ್ನು ಒಂದು ಕೆನ್ನೆಗೆ ಸರಿಸಿದ. "ನಾನಲ್ಲ. ನಿಮ್ಮವ್ವ. ಪ್ರತಿ ದೀವಳಗಿಗೆ ಇಳಿಸಿ, ಹುಣಸಿಹಣ್ಣು ಹಚ್ಚಿ ತಿಕ್ಕಿ ಮತ್ತ ಮ್ಯಾಲಿಡತಿದ್ಲು. ತನ್ನ ಡಬರಿ ಮುಟ್ಟತಿರಲಿಲ್ಲ."

"ನನಗ್ಯಾಕ ಹೇಳಲಿಲ್ಲ?"

"ಹ್ಞೂಂ," ಎಂದ ಅಪ್ಪ. ನಾನು ಡಬರಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಅವ್ವ ಊರಿನವರ ಮುಂದೆ ತಂಗಿಯ ಹೆಸರು ಬಂದರೆ ಮುಖ ತಿರುಗಿಸುತ್ತಿದ್ದಳು.

ಅಪ್ಪ ಏಣಿಯಿಂದ ಇಳಿದು, ಎಲೆ ಉಗುಳಿ, ತನ್ನ ಜೀವಮಾನದ ಅತಿ ಉದ್ದದ ಮಾತನ್ನಾಡಿದ. "ಯಾರ ಪಾತ್ರಿ ಅವರ ಮನಿಗೆ ನಾನ ಮುಟ್ಟಸ್ತೇನಿ. ಕಡೀಕ ಮುದಕವ್ವನ ಮನಿಗೆ. ಆಕಿ ಬಂದು ನಮ್ಮ ಹೊಸ್ತಿಲಾ ತುಳದು, ನಿಮ್ಮವ್ವನ ಸೀರಿ ಎತ್ತಬೇಕು. ಅಲ್ಲೀಮಟ ನನಗ ಈ ಮನ್ಯಾಗ ಉಂಡದ್ದು ಮೈಗೆ ಹತ್ತಂಗಿಲ್ಲ."

ಒಳ್ಳೆಯದೇ ಆಯಿತು ಎಂದುಕೊಂಡೆ. ಪಾತ್ರೆಗಳಿಗೆ ತುಂಬಲು ಅಂಗಡಿಯ ಕುರುಕಲು ತಿಂಡಿ, ಸವಣೂರಿನ ಖಾರವನ್ನೇ ಕಟ್ಟಿಸಿಕೊಂಡು ಬರುತ್ತೇನೆ, ಯಾರು ಬೇಡವೆನ್ನುತ್ತಾರೆ ಎಂದೆ. ಅಪ್ಪ ತಲೆಯಾಡಿಸಿದ. ಅಂಗಡಿಯಿಂದ ಕೊಂಡದ್ದು ಹಾಕಬಾರದು, ಮನೆಯದೇ ಆಗಬೇಕು. ಹಾಗಾದರೆ ಉಂಡಿ ಕಟ್ಟಿಕೊಡುತ್ತೇನೆ ಎಂದೆ. "ನೀ ಮಾಡಿದ್ದು ನಿನ್ನ ಮನೀದು" ಎಂದ. ಕೊಟ್ಟ ಹೆಣ್ಣಿಗೆ ಈ ಮಾತನ್ನು ಎಷ್ಟು ಸಲೀಸಾಗಿ ಹೇಳುತ್ತಾರೆ ನೋಡಿ. ನಾನು ಸಿಟ್ಟು ನುಂಗಿಕೊಂಡೆ.

ಮನೆಯದು ಎಂದು ಅಪ್ಪನಿಗೆ ಇದ್ದದ್ದು ಎಲೆ ಒಂದೇ. ಪ್ರತಿ ಪಾತ್ರೆಯಲ್ಲೂ ಚಿಗುರೆಲೆ ಜೋಡಿಸಿ ತುಂಬಿದ. ಬರೀ ಎಲೆ ಕೊಡುವುದು ಮರ್ಯಾದೆಯಲ್ಲ ಎಂದು ಮೇಲೆ ಅಡಿಕೆ ಇಟ್ಟ. ದುಃಖದ ಮನೆಯವನು ಹೇಗೆಹೇಗೋ ಹೋಗಬಾರದೆಂದು ಗಡ್ಡ ಬೋಳಿಸಿಕೊಂಡ. ನನ್ನ ಮದುವೆಯಲ್ಲಿ ಉಟ್ಟಿದ್ದ ಜರಿಯಂಚಿನ ಧೋತರ ಉಟ್ಟ, ರುಮಾಲು ಸುತ್ತಿದ. ನಮ್ಮ ಕಡೆ ಗಡ್ಡ ಬೋಳಿಸಿ, ಜರಿಯ ಧೋತರ ಉಟ್ಟು, ಎಲೆ ಅಡಿಕೆ ಹಿಡಿದು ಬೀಗರ ಮನೆಗೆ ಹೋಗುವುದು ಯಾವಾಗ ಎಂದು ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಹೆಣ್ಣು ಗೊತ್ತು ಮಾಡುವಾಗ. ಇದು ಅಪ್ಪನ ತಲೆಗೂ ಹೋಗಲಿಲ್ಲ, ಅವ್ವನ ಡಬರಿಯ ಯೋಚನೆಯಲ್ಲಿದ್ದ ನನ್ನ ತಲೆಗೂ ಹೋಗಲಿಲ್ಲ.

ಮೊದಲ ಮನೆ ಶಿಗ್ಗಾಂವಿಯ ಶಿವಬಸವ್ವ ಅತ್ತಿಯದು. ಅವಳು ಅಪ್ಪನ ದೊಡ್ಡಪ್ಪನ ಮಗಳು. ಅವಳ ಮನೆಯಿರುವುದು ದಾನಿಪೇಟೆಯ ಹಿಂದೆ, ಅವಳ ಬಾಯಿರುವುದು ನಾಲ್ಕೂ ತಾಲೂಕಿನಲ್ಲಿ. ಅಪ್ಪ ಅವಳ ಸ್ಟೀಲಿನ ಡಬ್ಬಿಯನ್ನು ಎರಡೂ ಕೈಯಿಂದ ಮುಂದೆ ಹಿಡಿದ. ಅತ್ತಿ ಮುಚ್ಚಳ ತೆಗೆದಳು. ಎಲೆ ನೋಡಿದಳು, ಅಡಿಕೆ ನೋಡಿದಳು, ಅಪ್ಪನ ಧೋತರದ ಅಂಚು ನೋಡಿದಳು.

"ಏನಣ್ಣಾ, ಎಲಿ ಅಡಕಿ ತಂದೀಯಲ್ಲ" ಎಂದಳು.

"ಹ್ಞೂಂ," ಎಂದ ಅಪ್ಪ.

"ಇಷ್ಟ ಲಗೂನ?"

"ಹ್ಞೂಂ."

"ಮತ್ತ ಯಾರ ಮನಿಗೆ ಹೋಗಾಂವ?"

"ಹಾನಗಲ್ಲ ಮುದಕವ್ವನ ಮನಿಗೆ" ಎಂದು ಅಪ್ಪ ಎಲೆ ಸರಿಸಿ ಸ್ಪಷ್ಟವಾಗಿ ಹೇಳಿದ. ನಾನು ಹೊರಗೆ ಸ್ಕೂಟಿಯ ಹತ್ತಿರ ನಿಂತು ಗಿರಾಕಿಯೊಬ್ಬಳಿಗೆ ಬ್ಲೌಸಿನ ತೋಳಿನ ಅಳತೆಯನ್ನು ಫೋನಿನಲ್ಲಿ ವಿವರಿಸುತ್ತಿದ್ದೆ. ಒಳಗಿದ್ದಿದ್ದರೆ ಅಲ್ಲೇ ಬಾಯಿ ಹಾಕಿರುತ್ತಿದ್ದೆ. ಅಪ್ಪನ ಹ್ಞೂಂ ಎಂಬುದಕ್ಕೆ ಅರ್ಥ ಹೇಳುವವಳು ಈಗ ಭೂಮಿಯ ಮೇಲಿಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ, ಹಂಚಿನ ಮೇಲೆ ರೊಟ್ಟಿ ಸೀದ ಮೇಲೆ.

ನಾನು ಒಲೆ ಆರಿಸಿ ನೇರ ಸವಣೂರಿಗೆ ಹೋದೆ. ಅಪ್ಪ ಪಡಸಾಲೆಯಲ್ಲಿ ಕುಳಿತು ಎಲೆಯ ಕಟ್ಟು ಕಟ್ಟುತ್ತಿದ್ದ.

"ಅಪ್ಪಾ, ನಿನಗ ಮದಿವಿ ಅಂತ ಶಿಗ್ಗಾಂವಿ ತುಂಬ ಸುದ್ದಿ ಆಗೇತಿ."

"ಹ್ಞೂಂ."

"ಏನ್ ಹ್ಞೂಂ? ಆ ಎಲಿ ಮೊದಲ ಉಗುಳು."

ಅಪ್ಪ ಎದ್ದು ಹೋಗಿ ಉಗುಳಿ ಬಂದ. "ಯಾರ ಕೂಡ?" ಎಂದ.

"ಚಿಗವ್ವನ ಕೂಡ. ಹೆಂಡತಿ ತಂಗೀನ್ನ ಮಾಡಿಕೋತಾನ, ಟ್ರಂಕಿನ ಸೀರಿನೂ ಮನ್ಯಾಗ ಉಳೀತಾವು ಅಂತ ಶಿವಬಸವ್ವ ಅತ್ತಿ ಲೆಕ್ಕಾನೂ ಹಾಕಿ ಕೊಟ್ಟಾಳ."

ಅಪ್ಪ ಬಹಳ ಹೊತ್ತು ತನ್ನ ಧೋತರವನ್ನೇ ನೋಡಿಕೊಂಡ. ಆಮೇಲೆ ಎಲೆಯನ್ನು ನೋಡಿದ. ಈಗ ಅವನಿಗೂ ಹೊಳೆಯಿತು. ಮುಖ ಕೆಂಪಾಯಿತು, ಕಿವಿಯ ತುದಿಯವರೆಗೂ. "ಈ ಮಾತು ಆಕಿಗೂ ಹೋಗೇತೇನು?" ಎಂದು ಸಣ್ಣ ದನಿಯಲ್ಲಿ ಕೇಳಿದ.

ಹೋಗಿತ್ತು. ಹಾನಗಲ್ಲಿನಿಂದ ಉತ್ತರವೂ ಬಂದಿತ್ತು, ಅದೇ ಶಿವಬಸವ್ವ ಅತ್ತಿಯ ಮೂಲಕ. ಆ ಮನುಷ್ಯ ಎಲೆ ಹಿಡಿದು ನನ್ನ ಹೊಸ್ತಿಲಿಗೆ ಬಂದರೆ ಹಂಡೆಯ ಬಿಸಿನೀರು ಸುರಿಯುತ್ತೇನೆ ಎಂದು ಚಿಗವ್ವ ಓಣಿಗೆಲ್ಲ ಸಾರಿದ್ದಳು. ನಾನು ಫೋನು ಹಚ್ಚಿದರೆ ಎತ್ತಲಿಲ್ಲ. ಒಂದು ಖಾಲಿ ಡಬರಿಗೇ ಇಷ್ಟು ವರ್ಷ ಬರದವಳು, ಈಗ ಈ ಮಾನಗೇಡು ಬೇರೆ. ಇನ್ನು ಅವಳು ಬಂದಂತೆಯೇ, ಟ್ರಂಕು ತೆರೆದಂತೆಯೇ. ಅಪ್ಪನಿಗೂ ಹಾಗೆಯೇ ಅನಿಸಿರಬೇಕು. ಆ ದಿನ ಅವನು ಉಣ್ಣಲಿಲ್ಲ. ಅದಕ್ಕಿಂತ ಹೆಚ್ಚೆಂದರೆ, ಎಲೆಯನ್ನೂ ಹಾಕಿಕೊಳ್ಳಲಿಲ್ಲ.

"ಸ್ವಲ್ಪ ದಿವಸ ಬಿಡು ಅಪ್ಪಾ. ಸುದ್ದಿ ತಣ್ಣಗಾಗಲಿ" ಎಂದೆ.

"ನಿಮ್ಮವ್ವನೂ ಹಂಗ ಅಂತಿದ್ಲು. ತಣ್ಣಗಾಗಲಿ ಅಂತ" ಎಂದ ಅಪ್ಪ.

ಮರುದಿನ ಅವನು ಒಂದು ದೊಡ್ಡ ಗಂಟನ್ನು ತಬ್ಬಿಕೊಂಡು ಶಿಗ್ಗಾಂವಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದ. ಈ ಸಲ ಹಳೇ ಧೋತರ ಉಟ್ಟಿದ್ದ, ಗಡ್ಡವನ್ನೂ ಬೋಳಿಸಿರಲಿಲ್ಲ. ಒಳಗೆ ಏನು ತುಂಬಿದ್ದೀ ಎಂದೆ. ಎಲೆಯೇ ಎಂದ. ತಲೆ ಚಚ್ಚಿಕೊಂಡೆ. "ಖಾಲಿ ಒಯ್ಯಲೇನು ಮತ್ತ? ನಮ್ಮ ಮನ್ಯಾಗ ಬ್ಯಾರೆ ಏನೈತಿ?" ಎಂದ. ಒಬ್ಬನನ್ನೇ ಕಳಿಸಿದರೆ ಇನ್ನು ಯಾವ ಪ್ರಶ್ನೆಗೆ ಹ್ಞೂಂ ಎನ್ನುತ್ತಾನೋ ಎಂದು ಅಂಗಡಿ ಮುಚ್ಚಿ ಜೊತೆಗೆ ಹೊರಟೆ.

ಹಾನಗಲ್ಲಿನ ಬಸ್ಸಿನಲ್ಲಿ ಕಂಡಕ್ಟರ್ ಗಂಟಿನ ಸಂದಿಯಿಂದ ಎಲೆಯನ್ನು ಕಂಡು, "ಲಗ್ನದ್ದೇನ್ರಿ ಯಜಮಾನ್ರ?" ಎಂದ. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ನಾನು, "ಅಲ್ರಿ" ಎಂದೆ. ಎಷ್ಟು ಜೋರಾಗಿ ಎಂದೆನೆಂದರೆ ಡ್ರೈವರ್ ಹಿಂತಿರುಗಿ ನೋಡಿದ. ಕಂಡಕ್ಟರ್ ನನಗೆ ಫ್ರೀ ಟಿಕೆಟು ಕೊಟ್ಟ, ಅಪ್ಪನಿಗೆ ದುಡ್ಡಿನ ಟಿಕೆಟು ಹರಿದ, ಡಬರಿಗೆ ಲಗೇಜು ಹಾಕಿದ.

ಚಿಗವ್ವನ ಓಣಿಯಲ್ಲಿ ನಾವು ಕಾಲಿಟ್ಟಾಗ ಕಟ್ಟೆಗಳ ಮೇಲೆ ಜಾಗವಿರಲಿಲ್ಲ. ಮೆಣಸಿನಕಾಯಿಯ ತೊಟ್ಟು ಮುರಿಯುವ ನೆವದಲ್ಲಿ ಹೆಂಗಸರೆಲ್ಲ ಹೊರಗೆ ಕುಳಿತಿದ್ದರು. ಚಿಗವ್ವ ಬಾಗಿಲಲ್ಲಿ ಕಾಣಿಸಿಕೊಂಡಳು. ಕೈಯಲ್ಲಿ ನಿಜವಾಗಿಯೂ ತಂಬಿಗೆ ಇತ್ತು, ತಂಬಿಗೆಯಿಂದ ಹಬೆ ಏಳುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅಪ್ಪ ಸರಿಯಲಿಲ್ಲ. ತಂಬಿಗೆ ಕಂಡದ್ದೇ ಅವನು ಗಂಟನ್ನು ಕೆಳಗಿಟ್ಟು, ಚಪ್ಪಲಿ ಕಳಚಿ, ಧೋತರವನ್ನು ಸ್ವಲ್ಪ ಮೇಲೆತ್ತಿ, ಎರಡೂ ಕಾಲು ಜೋಡಿಸಿ ಮುಂದೆ ಚಾಚಿ ನಿಂತ. ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವುದು ರೂಢಿ, ಕೊಡಲು ಬಂದಿದ್ದಾಳೆ ಎಂದುಕೊಂಡಿದ್ದ.

ಚಿಗವ್ವ ತಂಬಿಗೆ ಎತ್ತಿದವಳು ಹಾಗೆಯೇ ನಿಂತಳು. ಕಾಲು ಚಾಚಿ ನಿಂತವನ ಮೇಲೆ ನೀರು ಎರಚುವುದು ಹೇಗೆ? ಓಣಿಯ ಅಷ್ಟೂ ಕಣ್ಣುಗಳು ನೋಡುತ್ತಿದ್ದವು. ಕಡೆಗೆ ಅವಳು ಹಲ್ಲು ಕಚ್ಚಿಕೊಂಡು, ಬಗ್ಗಿ, ಅಪ್ಪನ ಕಾಲ ಮೇಲೆ ನೀರು ಹನಿಸಿದಳು.

"ಬಿಸಿ ಜಾಸ್ತಿ ಆತವಾ ಮುದಕವ್ವ" ಎಂದ ಅಪ್ಪ, ಒಂದು ಕಾಲು ಎತ್ತಿಕೊಂಡು.

"ಇನ್ನೂ ಬಿಸಿ ಇತ್ತರಿ. ನಿಮ್ಮ ಬಸ್ಸು ತಡಾ ಆತು" ಎಂದಳು ಚಿಗವ್ವ.

ಕಟ್ಟೆಯ ಮೇಲೆ ಯಾರೋ ಕಿಸಕ್ಕೆಂದರು. ಚಿಗವ್ವ ಅವರ ಕಡೆ ಒಮ್ಮೆ ನೋಡಿ, ಗಂಟಿಗೆ ಕೈ ಹಾಕಿ ಬಟ್ಟೆ ಎಳೆದಳು. ಡಬರಿ ಹೊರಬಿತ್ತು. ಫಳಫಳ ಎನ್ನುವ ಡಬರಿ ಅದಲ್ಲ. ಅಪ್ಪ ಕಿಲುಬು ಹಿಡಿದ, ಕಪ್ಪು ಡಬರಿ ತಂದಿದ್ದ.

"ಇದೇನ್ರಿ ಮಾವ ಇದು" ಎಂದಳು ಚಿಗವ್ವ ಅಕ್ಕನ ಗಂಡನಿಗೆ. "ಖಾಲಿ ಕಳಿಸಿದ್ದು ಸಾಲಲಿಲ್ಲಂತ ನನ್ನ ಡಬರಿನ ಈ ಗತಿಗೆ ಇಟ್ಟಿದ್ಲೇನು ನಮ್ಮಕ್ಕ? ಒಂದ ದಿನಾನೂ ತಿಕ್ಕಲಿಲ್ಲ? ಹೊಟ್ಟ್ಯಾಗ ಅಷ್ಟು ಕಿಚ್ಚಿತ್ತೇನು ನನ್ನ ಮ್ಯಾಲ?"

"ಅಪ್ಪಾ, ಡಬರಿ ತಪ್ಪಿ..." ಎಂದು ನಾನು ಬಾಯಿ ತೆರೆದೆ. ಅಪ್ಪ ತನ್ನ ಒದ್ದೆ ಕಾಲಿನಿಂದ ನನ್ನ ಕಾಲನ್ನು ತುಳಿದ.

"ಹೆಸರು ಓದವಾ" ಎಂದ.

ಚಿಗವ್ವ ಸೆರಗಿನಿಂದ ಕಂಠವನ್ನು ಉಜ್ಜಿದಳು. ಚುಕ್ಕೆಗಳ ಮೇಲೆ ಬೆರಳಾಡಿಸಿದಳು. "ನೀಲವ್ವ" ಎಂದು ಓದಿದಳು, ಮತ್ತೊಮ್ಮೆ ಓದಿದಳು.

"ಇದು ಅಕ್ಕಂದು. ನಂದೆಲ್ಲೈತಿ?"

"ನಿಂದು ಮನ್ಯಾಗೈತಿ. ಆಕಿ ತನ್ನ ಡಬರಿ ಹಿಂಗ ಬಿಟ್ಟಿದ್ಲು. ನಿಂದು ಮಾತ್ರ ಪ್ರತಿ ದೀವಳಗಿಗೆ ಇಳಿಸಿ, ತಿಕ್ಕಿ, ತನ್ನ ಸೀರ್ಯಾಗ ಸುತ್ತಿ ಇಡತಿದ್ಲು. ಮುಖಾ ನೋಡಕೋಬಹುದು ಅದರಾಗ."

"ಸುಳ್ಳು."

"ಸುಳ್ಳಾದ್ರ ಬಂದು ನೋಡು."

ಚಿಗವ್ವ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಳು. ಅಪ್ಪನೂ ಅವಳ ಎದುರಿಗೆ ನೆಲದ ಮೇಲೆ ಕುಳಿತ. ಆ ದಿನವೂ ಅವನ ಬಾಯಲ್ಲಿ ಎಲೆ ಇರಲಿಲ್ಲ.

"ಖಾಲಿ ಕಳಿಸಿದಾಕಿ ಆಕಿ ಅಲ್ಲ, ಮುದಕವ್ವ. ನಾನು. ಮದಿವಿ ಮರುದಿನ ಆಕಿ ಇನ್ನೂ ಮಲಗಿದ್ಲು. ಕರೀಮಸಾಬ ಪೆಂಡಾಲಿನವರ ಬಾಡಿಗಿ ಪಾತ್ರಿ ಹೇರಕೊಂಡು ಹೊಂಟಿದ್ದ. ಹಾನಗಲ್ಲ ಕಡೇನ ಹೊಂಟಾನ ಅಂತ ನಿನ್ನ ಡಬರಿನೂ ಏರಿಸಿಬಿಟ್ಟೆ. ಬಾಡಿಗಿ ಪಾತ್ರಿ ಖಾಲಿ ಹೋಗತಾವು, ಇದೂ ಹೋಗತೈತಿ ಅಂದಕೊಂಡೆ. ಆಕಿ ಎದ್ದು ನೋಡಿದಾಗ ಉಂಡಿ ಒಂದು ಬುಟ್ಟಿ ತುಂಬ ಇದ್ದುವು, ಡಬರಿ ಇರಲಿಲ್ಲ."

"ಹಂಗಂತ ಆಕಿ ಹೇಳಬಹುದಿತ್ತಲ್ಲ."

"ಗಂಡಂದು ತಪ್ಪು ಅಂತ ತವರಮನಿಗೆ ಹೆಂಗ ಹೇಳಲಿ ಅಂದ್ಲು. ನೀವ ಹೋಗಿ ಹೇಳ್ರಿ ಅಂದ್ಲು."

"ಮತ್ತ ನೀವು?"

ಅಪ್ಪ ತಲೆ ತಗ್ಗಿಸಿದ.

"ಇಷ್ಟು ವರ್ಷ ಬಾಯಾಗ ಎಲಿ ಇತ್ತೇನ್ರಿ?" ಎಂದಳು ಚಿಗವ್ವ.

"ಇತ್ತವಾ" ಎಂದ ಅಪ್ಪ. ಅದು ಶುದ್ಧ ಸತ್ಯವಾಗಿತ್ತು.

ಚಿಗವ್ವನಿಗೆ ನಗು ಬಂತು. ಬೇಡವೆಂದರೂ ಬಂತು, ಬಂದದ್ದು ನಿಲ್ಲಲಿಲ್ಲ. ನಗುತ್ತಲೇ ಅವಳು ಅಕ್ಕನ ಕಪ್ಪು ಡಬರಿಯನ್ನು ಹತ್ತಿರಕ್ಕೆ ಎಳೆದುಕೊಂಡಳು, ನಗುತ್ತಲೇ ಅತ್ತಳು. ನಾನೂ ಅತ್ತೆ. ಈ ಸಲ ಮಿಷನ್ನಿನ ಸದ್ದು ಇರಲಿಲ್ಲ, ಓಣಿಗೆಲ್ಲ ಕೇಳಿತು. ಆಮೇಲೆ ಚಿಗವ್ವ ಕಣ್ಣೊರೆಸಿಕೊಂಡು, ಕಟ್ಟೆಯ ಮೇಲಿದ್ದವರಿಗೆಲ್ಲ ಡಬರಿಯಿಂದ ಎರಡೆರಡು ಎಲೆ ಹಂಚಿದಳು. "ತಗೊರ್ರಿ. ಲಗ್ನದ್ದಲ್ಲ. ನಮ್ಮ ಮಾವಗ ಮಾತು ಬಂತು, ಅದರ ಸಲುವಾಗಿ" ಎಂದಳು. ಡಬರಿಯನ್ನು ತನ್ನಲ್ಲೇ ಉಳಿಸಿಕೊಂಡಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಅಪ್ಪನನ್ನು ಕೇಳಿದೆ, ಬೇಕೆಂದೇ ಅವ್ವನ ಡಬರಿ ತಂದೆಯಾ ಎಂದು. "ಅಕ್ಕನ ಪಾತ್ರಿ ಖಾಲಿ ಕೊಡಾಕ ಆಕಿಗೆ ಬರತೈತೇನು? ತುಂಬಕೊಂಡು ಬರಬೇಕಾಗತೈತಿ" ಎಂದ. ನಮ್ಮಪ್ಪ ಮಾತಾಡುವುದಿಲ್ಲ, ಆದರೆ ಯೋಚಿಸುವುದಿಲ್ಲ ಎಂದೇನೂ ಇಲ್ಲ.

ಯುಗಾದಿ ಮುಗಿದ ವಾರ ಚಿಗವ್ವ ಬಂದಳು. ನಾನು ಅಲ್ಲಿಯೇ ಇದ್ದೆ. ತಲೆಯ ಮೇಲೆ ಅವ್ವನ ಡಬರಿ, ಬೆಳಗಿ ಬಂಗಾರ ಮಾಡಿದ್ದಳು. ಒಳಗೆ ಶೇಂಗಾ ಉಂಡಿ, ಅವ್ವ ಕದ್ದು ತಿನ್ನುತ್ತಿದ್ದಂಥವು. ಹೊಸ್ತಿಲ ಹೊರಗೆ ನಿಂತು, "ನಿಮ್ಮ ಸಲುವಾಗಿ ಬಂದಿಲ್ಲ. ಬಸ್ಸು ಫ್ರೀ ಐತಿ, ಅದಕ್ಕ ಬಂದೇನಿ" ಎಂದಳು. ಅಪ್ಪ ಹ್ಞೂಂ ಎಂದ. ಆ ಹ್ಞೂಂ ನನಗೂ ಅರ್ಥವಾಯಿತು. ಚಿಗವ್ವ ಸೆರಗು ಹೊದ್ದು, ಬಲಗಾಲಿಟ್ಟು ಒಳಗೆ ಬಂದಳು.

ಬಂದವಳು ಮೊದಲು ಅಡುಗೆಮನೆ ನೋಡಿದಳು. ಉಪ್ಪಿನ ಡಬ್ಬಿಯಲ್ಲಿ ಸಕ್ಕರೆ, ಸಕ್ಕರೆಯ ಡಬ್ಬಿಯಲ್ಲಿ ಅಪ್ಪನ ಸುಣ್ಣ. ಅದಕ್ಕೆ ಅವನನ್ನೂ ಬೈದಳು, ನನ್ನನ್ನೂ ಬೈದಳು, ಹೊಲಿಗೆ ಕಲಿತವಳಿಗೆ ಮನೆ ನಡೆಸುವ ಬಾಳೇವು ಎಲ್ಲಿ ಬರಬೇಕು ಎಂದಳು. ಅಷ್ಟು ವರ್ಷದ ಬೈಗುಳ ಬಾಕಿಯಿತ್ತು, ನಾನು ಸುಮ್ಮನೆ ತಿಂದೆ. ಆಮೇಲೆ ಅವಳ ಕಣ್ಣು ಗೂಡಿನಲ್ಲಿಟ್ಟಿದ್ದ ತನ್ನ ಡಬರಿಯ ಮೇಲೆ ಬಿತ್ತು. ಬೈಗುಳ ಅರ್ಧಕ್ಕೇ ನಿಂತಿತು. ಅದನ್ನು ಇಳಿಸಿಕೊಂಡು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಒಂದು ದೀಪಾವಳಿ ತಪ್ಪಿದ್ದರಿಂದ ಅಂಚಿನಲ್ಲಿ ಸ್ವಲ್ಪ ಮಸುಕು ಇತ್ತು. ಆ ಮಸುಕಿನ ಮೇಲೆ ಹೆಬ್ಬೆರಳಿಟ್ಟು ಬಹಳ ಹೊತ್ತು ಕುಳಿತಳು.

ಅಪ್ಪ ಉಡದಾರದಿಂದ ಕೀಲಿ ಬಿಚ್ಚಿದ. ಟ್ರಂಕಿನ ಮುಚ್ಚಳ ತೆರೆದಾಗ ನುಸಿಗುಳಿಗೆಯ ವಾಸನೆಯ ಜೊತೆ ಅವ್ವನ ವಾಸನೆಯೂ ಬಂತು. ಎಲ್ಲಕ್ಕಿಂತ ಮೇಲೆ ಕೆಂಪು ಇಲಕಲ್. ಚಿಗವ್ವ ಅದಕ್ಕೆ ಕೈ ಹಾಕಿದಾಗ ನನ್ನ ಜೀವ ಬಾಯಿಗೆ ಬಂತು, ದೇವರಾಣೆ. ಅವಳು ಅದನ್ನು ಎತ್ತಿ ನನ್ನ ಕಡೆ ಸರಿಸಿ, ಅದರ ಕೆಳಗಿದ್ದ, ಅವ್ವ ದಿನವೂ ಉಟ್ಟು ತೊಳೆದು ಬಣ್ಣ ಹೋಗಿದ್ದ ಹಸಿರು ಚೌಕಳಿಯ ಸೀರೆ ತೆಗೆದುಕೊಂಡಳು.

"ಕೆಂಪಂದು ನೀ ಇಟಗೊ. ಆವಾಗಿಂದ ಅದನ್ನ ನುಂಗೂಹಂಗ ನೋಡಾಕತ್ತಿ" ಎಂದಳು.

ಸಂಜೆ ಅವಳು ಹೊರಡುವಾಗ ಅಪ್ಪ ತೋಟದಿಂದ ಚಿಗುರೆಲೆ ಕೊಯ್ದು ತಂದು, ಅವಳ ಡಬರಿಗೆ ತುಂಬಲು ನಿಂತ. "ಎಲಿ ಬ್ಯಾಡ್ರಿ ಮಾವ. ಬಸ್ಸಿನ್ಯಾಗ ಮತ್ತ ನನ್ನ ಲಗ್ನಾ ಮಾಡಿಬಿಟ್ಟಾರು" ಎಂದಳು. ಹಸಿರು ಸೀರೆಯನ್ನು ಮಡಿಸಿ, ಅದನ್ನೇ ಡಬರಿಯೊಳಗೆ ಇಟ್ಟಳು. ಅಂಗೈಯಿಂದ ಒತ್ತಿ ಸರಿಮಾಡಿದಳು. "ಈಗ ಖಾಲಿ ಇಲ್ಲ ನೋಡ್ರಿ" ಎಂದಳು. ಅಪ್ಪ ಮುಖ ಆಚೆ ತಿರುಗಿಸಿಕೊಂಡ.

ಅವಳನ್ನು ಬಸ್ಸಿಗೆ ಹತ್ತಿಸಲು ಇಬ್ಬರೂ ಹೋದೆವು. ಕಿಟಕಿಯ ಪಕ್ಕ ಸೀಟು ಹಿಡಿದು, ಡಬರಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಅಪ್ಪಿಕೊಂಡಳು. ಕಂಡಕ್ಟರ್ ಬಂದು ಅವಳಿಗೆ ಫ್ರೀ ಟಿಕೆಟು ಕೊಟ್ಟು, ಡಬರಿಗೆ ಲಗೇಜು ಹಾಕಬೇಕಾಗುತ್ತದೆ ಎಂದ.

"ಯಾಕಪ್ಪಾ? ಹೆಣ್ಣಮಕ್ಕಳಿಗೆ ಫ್ರೀ ಐತೆಲ್ಲ" ಎಂದಳು ಚಿಗವ್ವ. "ಇದು ನಮ್ಮಕ್ಕ."

ಕಂಡಕ್ಟರ್ ಡಬರಿಯೊಳಗೆ ಬಗ್ಗಿ ನೋಡಿದ. ಸೀರೆ ನೋಡಿದ, ಅವಳ ಮುಖ ನೋಡಿದ. ಮುಂದಿನ ಸೀಟಿಗೆ ಹೋದ.